ಉಳ್ಳಾಗಡ್ಡಿ ರೇಟು ಗೊತ್ತಿಲ್ಲದ ಹೊಲ

ಇಲ್ಲದ ಉಸಾಬರಿಗೆ ಹೋಗುವುದು ನನ್ನ ಹುಟ್ಟುಗುಣ. ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಪಟ ಅಂದರೆ ಅಲ್ಲೇನು ಅಡುಗೆ ಎಂದು ತಿಳಿಯುವ ತನಕ ನನ್ನ ತುತ್ತು ಗಂಟಲಿಗೆ ಇಳಿಯುವುದಿಲ್ಲ. "ಹೆಣ್ಮಗಳಿಗೆ ಇಷ್ಟುದ್ದ ಮೂಗು ಇರಬಾರದು ನೋಡವಾ" ಎಂದು ಅವ್ವ ಬೈಯುತ್ತಿದ್ದಳು. ಆ ಮೂಗಿಗೇ ಸಂಬಳ ಕೊಡುವ ಪುಣ್ಯಾತ್ಮರೊಬ್ಬರು ಹಾವೇರಿಯಲ್ಲಿ ಸಿಕ್ಕಿದ್ದರು. ಕೈತೋಟಕ್ಕೆ ಬೇಕಾದ ಬೀಜದ ಪೊಟ್ಟಣ, ಮಣ್ಣಿನ ಕುಂಡ, ಬೇವಿನ ಹಿಂಡಿ ಮಾರುವ ಸಣ್ಣ ಕಂಪನಿ ಅವರದು. ನಮಗೆ ಬೀಜ ಬೆಳೆದುಕೊಡುವ ಹೊಲಗಳಿಗೆಲ್ಲ ಹೋಗಿ, ಗಿಡ ನೋಡಿ, ಹೂ ನೋಡಿ, ಬೀಜ ಶುದ್ಧ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸವಾಗಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮೊಬೈಲು ಇನ್ನೂ ಮಾಲೀಕರ ಕಿಸೆಯಲ್ಲಿ ಮಾತ್ರ ಇತ್ತು. ಇ-ಮೇಲ್ ನೋಡಲು ನಾವು ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಆ ವರ್ಷ ನಮ್ಮಷ್ಟೇ ಸಣ್ಣದೊಂದು ಹೊರದೇಶದ ಕೈತೋಟದ ಕಂಪನಿ, ಕುಂಡದಲ್ಲಿ ಚೆಂದಕ್ಕೆ ಬೆಳೆಸುವ ಬಣ್ಣಬಣ್ಣದ ಮೆಣಸಿನಕಾಯಿಯ ಹೈಬ್ರಿಡ್ ಬೀಜ ಕೇಳಿತ್ತು. ದೀಪಾವಳಿ ಮುಗಿದು ನಾಲ್ಕು ದಿನಕ್ಕೆ ಅವರಿಂದ ಒಂದು ಫಾರ್ಮು ಬಂತು. ಬೀಜ ತಯಾರಾಗುವ ಹೊಲಗಳಲ್ಲಿ ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ದುಡಿಸಿಕೊಳ್ಳುತ್ತಿಲ್ಲ ಎಂದು ನಾವು ಖಾತ್ರಿ ಮಾಡಿ ಬರೆದುಕೊಡಬೇಕಿತ್ತು. ಅನುಮಾನ ಬಂದರೆ ಆ ಹೊಲದ ಬೀಜ ಕೈಬಿಡಿ ಎಂದೂ ಕೆಳಗೆ ಬರೆದಿದ್ದರು.

ಮಾಲೀಕರು ಓದಿ ನಕ್ಕುಬಿಟ್ಟರು. "ಜೀತಾನಾ? ಅದು ನಮ್ಮಜ್ಜನ ಕಾಲಕ್ಕ ಮುಗದು ಹೋತು. ನೀ ಒಂದು ಸುತ್ತು ಹೋಗಿ ಎಲ್ಲಾ ಕಡೆ 'ಇಲ್ಲ' ಅಂತ ಬರಕೊಂಡು ಬಂದುಬಿಡವಾ."

ಕಂಪನಿಯ ಮೊಪೆಡ್ ಹತ್ತಿ ಹೊರಟೆ. ಮೊದಲು ಗುತ್ತಲದ ಕಡೆಯ ಬದನೆ ಹೊಲ. ಅಲ್ಲಿ ಹೂವಿನ ಕೆಲಸ ಮಾಡುತ್ತಿದ್ದ ಹೆಂಗಸರನ್ನು ಸಾಲಾಗಿ ಕೂರಿಸಿ, ಫಾರ್ಮಿನ ಪ್ರಶ್ನೆಯನ್ನು ಕನ್ನಡಕ್ಕಿಳಿಸಿ, "ನೀವು ಇಲ್ಲಿ ನಿಮ್ಮ ಸ್ವಂತ ಇಚ್ಛೆಯಿಂದ ಕೆಲಸ ಮಾಡುತ್ತಿದ್ದೀರಾ?" ಎಂದು ಗಂಭೀರವಾಗಿ ಕೇಳಿದೆ. ಒಬ್ಬಾಕೆ ಬಾಯಿಗೆ ಸೆರಗು ಹಿಡಿದು ನಗಲು ಶುರುಮಾಡಿದಳು.

"ಸ್ವಂತ ಇಚ್ಛಾದಿಂದ ಯಾರು ಬಿಸಲಾಗ ಬಗ್ತಾರ್ರೀ ಅಕ್ಕಾರ? ಇಚ್ಛಾದ ಮಾತು ಕೇಳಿದ್ರ ನಾ ಈಗ ಮನ್ಯಾಗ ಮಲ್ಕೊಂಡಿರ್ತಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಫಾರ್ಮಿನ ಪ್ರಶ್ನೆ ಅಲ್ಲಿಗೆ ಸತ್ತಿತ್ತು. ಇದಕ್ಕೆ "ಹೌದ್ರಿ" ಅಂದರೂ ಸುಳ್ಳು, "ಇಲ್ರಿ" ಅಂದರೂ ಸುಳ್ಳು. ಹಾಗಾದರೆ ಏನು ಕೇಳಿದರೆ ನಿಜ ತಿಳಿಯುತ್ತದೆ? ಇದು ನನ್ನ ತಲೆಯನ್ನು ಹೊಕ್ಕಿತು.

ಉತ್ತರ ಸಿಕ್ಕಿದ್ದು ಅಲ್ಲೇ, ರೊಟ್ಟಿ ತಿನ್ನುವಾಗ. ಸುಮ್ಮನೆ ಮಾತಿಗೆ, "ಸಂತ್ಯಾಗ ಈ ವಾರ ಉಳ್ಳಾಗಡ್ಡಿ ಹೆಂಗದಾವ?" ಎಂದೆ. ತಗೊಳ್ಳಿ, ಗದ್ದಲವೆದ್ದಿತು. ಒಬ್ಬಳು ಒಂದು ರೇಟು ಹೇಳಿದಳು, ಇನ್ನೊಬ್ಬಳು ಅಷ್ಟು ಕೊಟ್ಟು ತಂದವಳು ನೀನೊಬ್ಬಳೇ ಎಂದಳು. ಮೂರನೆಯವಳು ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಯ ಮೀಸೆ ಎಂಥದೆಂದು ವರ್ಣಿಸಿದಳು. ಇವರು ವಾರವಾರ ಸಂತೆಗೆ ಹೋಗುತ್ತಾರೆ, ತಮ್ಮ ಕೈಯಾರೆ ಆರಿಸಿ ಚೌಕಾಸಿ ಮಾಡಿ ತರುತ್ತಾರೆ, ಬೇಕಾದಾಗ ಹೊಲ ಬಿಟ್ಟು ಏಳುತ್ತಾರೆ. ಇಚ್ಛೆಯ ಬಗ್ಗೆ ಕೇಳಬೇಕಾದುದೆಲ್ಲ ಈರುಳ್ಳಿಯೊಳಗೇ ಇತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ರೊಟ್ಟಿ ಕೇಳಿ ತಿಂದೆ.

ದೇವರಗುಡ್ಡದ ಕಡೆಯ ಟೊಮೇಟೊ ಹೊಲದಲ್ಲೂ ಅದನ್ನೇ ಕೇಳಿದೆ. ಅಲ್ಲೂ ಅದೇ ಗದ್ದಲ. ಮೂರನೆಯದು ಬ್ಯಾಡಗಿ ತಾಲೂಕಿನಲ್ಲಿ, ಕದರಮಂಡಲಗಿ ದಾಟಿ ಒಳದಾರಿಗೆ ಹೊರಳಿದರೆ ಸಿಗುವ ಮೆಣಸಿನಕಾಯಿ ಹೊಲ. ನಮ್ಮ ಹೊರದೇಶದ ಆರ್ಡರಿನ ಬೀಜವೆಲ್ಲ ಬರಬೇಕಾದದ್ದು ಅಲ್ಲಿಂದಲೇ.

ಸುತ್ತ ಎತ್ತರದ ತಂತಿಬೇಲಿ, ಬೇಲಿಗೆ ಹಸಿರು ನೆಟ್ ಬಟ್ಟೆ, ಗೇಟಿಗೆ ಬೀಗ. ಇದರಲ್ಲಿ ವಿಶೇಷವೇನಿಲ್ಲ. ಹೈಬ್ರಿಡ್‌ಗೆ ಬಳಸುವ ಗಂಡು ಗಿಡ, ಹೆಣ್ಣು ಗಿಡದ ಬೀಜ ಕಳುವಾದರೆ ಕಂಪನಿಯೇ ಕಳುವಾದ ಹಾಗೆ, ಅದಕ್ಕೆ ಎಲ್ಲರೂ ಬೀಗ ಹಾಕುತ್ತಾರೆ. ಬೆಳೆಗಾರ ಐವತ್ತರ ಆಸುಪಾಸಿನ, ಶುಭ್ರ ಧೋತರದ ಮನುಷ್ಯ. ಪ್ರತಿ ಗಿಡದ ಮೈ ಸವರಿ ಮಾತಾಡಿಸುವಂಥವನು. ಒಳಗೆ ಹತ್ತು ಹನ್ನೆರಡು ಹೆಂಗಸರು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ಬಗ್ಗಿ ಹೂವಿನ ಕೆಲಸ ಮಾಡುತ್ತಿದ್ದರು. ಎಲ್ಲರೂ ತುಂಗಭದ್ರೆಯ ಆಚೆಯ ಊರಿನವರು, ಬೇಲಿಯೊಳಗೇ ಗುಡಿಸಲಲ್ಲಿ ಉಳಿದಿದ್ದರು. ಅವರನ್ನು ಕರೆತಂದ ಆಳುಗಳ ಗುತ್ತಿಗೆದಾರ, ಮುಕಾದಮ, ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಈ ಕೆಲಸವನ್ನು ನಮ್ಮ ಕಡೆ ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತಿಸಬೇಕು. ಚಿಮಟದಿಂದ ಎಸಳು ಬಿಡಿಸಿ, ಒಳಗಿನ ಗಂಡು ಕೇಸರಗಳನ್ನೆಲ್ಲ ಕಿತ್ತು, ನಡುವಿನ ಹೆಣ್ಣು ಭಾಗಕ್ಕೆ ನೋವಾಗದಂತೆ ಬಿಟ್ಟು, ಗುರುತಿಗೆ ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆ. ಬೇರೆ ಯಾವುದಾದರೂ ಮೆಣಸಿನ ಪರಾಗ ಸೋಕಿತೋ, ಆ ಕಾಯಿಯ ಬೀಜ ಬೆರಕೆ.

ನಾನು ಕೂತು, ನೀರು ಕುಡಿದು, ಕೇಳಿದೆ: "ಸಂತ್ಯಾಗ ಈ ವಾರ ಉಳ್ಳಾಗಡ್ಡಿ ಹೆಂಗದಾವ?"

ಎಲ್ಲರ ಕಣ್ಣು ಬದುವಿನ ಕಡೆ ಹೋಯಿತು. ಮುಕಾದಮ ಬೀಡಿ ಆರಿಸಿ, "ಸಂತಿ ಎಲ್ಲಾ ನಾನ ಮಾಡ್ಕೊಂಡು ಬರ್ತೇನ್ರಿ ಮೇಡಮ್ರ. ಅವರಿಗ್ಯಾಕ ತ್ರಾಸು?" ಎಂದ.

"ಬದನಿಕಾಯಿ?" ಎಂದೆ. ಅದೂ ಗೊತ್ತಿಲ್ಲ. ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಗೊತ್ತಿಲ್ಲ. ಕದರಮಂಡಲಗಿ ಹನುಮಪ್ಪನಿಗೆ ಕೈಮುಗಿದು ಬಂದಿರಾ? ಇಲ್ಲ. ಕೂಗಳತೆಯಲ್ಲಿ ಅಂಥ ದೇವರಿದ್ದೂ ದಸರೆಯಿಂದ ಈಚೆ ಒಬ್ಬರೂ ಹೋಗಿಲ್ಲ!

ಬೆಳೆಗಾರನನ್ನು ಆಚೆ ಕರೆದು ಕೇಳಿದೆ. ಅವನು ಏನೂ ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದ. "ಹೊರಗ ಬಿಟ್ರ ಬೆರಕಿ ಆಗ್ತೈತ್ರಿ ಮೇಡಮ್ರ. ಇದು ಬ್ಯಾಡಗಿ ಸೀಮಿ. ಎತ್ತಾಗ ಹೋದ್ರೂ ಮೆಣಸಿನಕಾಯಿ ಹೊಲ. ಈ ಹೆಣ್ಮಕ್ಕಳು ಸಂತಿಗೆ ಹೋಗಿ ಬರೂದ್ರಾಗ ಹತ್ತು ಹೊಲದ ಪರಾಗ ಸೀರಿಗೆ ಅಂಟಸ್ಕೊಂಡು ಬರ್ತಾರ. ನಿಮ್ಮ ಕರಾರಿನ್ಯಾಗ ನೀವ ಬರದೀರಲ್ಲ, ಹೊರಗಿನ ಪರಾಗ ಸೋಕಬಾರದು ಅಂತ? ಅದಕ್ಕ ಯಾರನ್ನೂ ಒಳಗ ಬಿಡೂದಿಲ್ಲ, ಹೊರಗೂ ಬಿಡೂದಿಲ್ಲ. ನನ್ನ ಹೆಂಡ್ತೀನೂ ಒಳಗ ಬಿಟ್ಟಿಲ್ಲ."

ಹಿಂದಿನ ವರ್ಷ ಅವನ ಬೀಜದಲ್ಲಿ ಬೆರಕೆ ಸಿಕ್ಕಿ ಬೇರೆ ಕಂಪನಿಯೊಂದು ಇಡೀ ಮಾಲನ್ನು ತಿರಸ್ಕರಿಸಿತ್ತು. ಆ ಪೆಟ್ಟು ತಿಂದವನು ಗಿಡಕ್ಕೆ ಹೇಳಿದ ನಿಯಮವನ್ನು ಮನುಷ್ಯರಿಗೂ ಹಾಕಿದ್ದ. ಮುಕಾದಮನಿಗೆ ಅದು ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಊರಲ್ಲಿ ಮುಂಗಡ ಕೊಟ್ಟು ಕರೆತಂದ ಹೆಂಗಸರು ಹಂಗಾಮು ಮುಗಿಯುವ ತನಕ ಎಲ್ಲೂ ಹೋಗದಂತೆ ಗೇಟಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

"ಅಲ್ರೀ, ನೀವು ದಿನಾ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ಬರ್ತೀರಿ. ನಿಮ್ಮ ಧೋತರಕ್ಕ ಪರಾಗ ಅಂಟೂದಿಲ್ಲೇನ್ರಿ?"

"ನಾ ಹೂ ಮುಟ್ಟೂದಿಲ್ಲಲ್ರಿ!" ಎಂದು ನನ್ನನ್ನೇ ದಡ್ಡಿ ಮಾಡಿದ.

ಅವನ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಭಯ? ನನಗೆ ಖರೇನೇ ಗೊತ್ತಿರಲಿಲ್ಲ. ಮೆಣಸಿನ ಪರಾಗ ಗಾಳಿಯಲ್ಲಿ ಬಹಳ ದೂರ ಹೋಗುವುದಿಲ್ಲ, ಬಿಸಿಲಿಗೆ ಬೇಗ ಸಾಯುತ್ತದೆ ಎಂದು ಓದಿದ್ದೆ. ಸೀರೆಗೆ ಅಂಟಿಕೊಂಡು ಬಸ್ಸಿನಲ್ಲಿ ಬಂದು ಹೂವಿಗೆ ಹತ್ತುತ್ತದೆಯೇ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. "ನೋಡೇ ಬಿಡೋಣು" ಎಂದೆ. ಬೆಳೆಗಾರನ ಕಣ್ಣೂ ಅರಳಿತು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿಯವರು.

ಉಪಾಯ ಸರಳವಾಗಿತ್ತು. ಎರಡು ಸಾಲಿನ ಮೊಗ್ಗುಗಳಲ್ಲಿ ಗಂಡು ಕೇಸರ ಕಿತ್ತು, ಪರಾಗ ಹಾಕದೆ ಹಾಗೇ ಬಿಡುವುದು. ಬಿಳಿ ದಾರದ ಸಾಲನ್ನು ಸಂತೆಗೆ ಹೋಗಿ ಬಂದವರು ಅದೇ ಬಟ್ಟೆಯಲ್ಲಿ ಮುಟ್ಟಬೇಕು. ನೀಲಿ ದಾರದ ಸಾಲನ್ನು ಒಳಗೇ ಇದ್ದವರು ಮುಟ್ಟಬೇಕು. ಪರಾಗ ಸಿಗದ ಹೂ ಕೆಲವೇ ದಿನದಲ್ಲಿ ಉದುರುತ್ತದೆ. ಬಿಳಿ ದಾರದಲ್ಲಿ ಕಾಯಿ ಕಚ್ಚಿದರೆ ಬೆಳೆಗಾರ ಗೆದ್ದ, ಉದುರಿದರೆ ನಾನು ಗೆದ್ದೆ, ಗೇಟು ತೆಗೆಯಬೇಕು.

ರಾಣೆಬೆನ್ನೂರಿನ ಸಂತೆಗೆ ನನ್ನ ಜೊತೆ ಇಬ್ಬರನ್ನು ಬಿಟ್ಟರು. ಮುಕಾದಮ ಬಾಲದಂತೆ ಹಿಂದೆಯೇ ಬಂದ. ಇಬ್ಬರಲ್ಲಿ ಒಬ್ಬಾಕೆ ನಡುವಯಸ್ಸಿನವಳು. ಸಂತೆಯ ಬಾಯಲ್ಲಿ ಮುಕಾದಮ ಚಹಾ ಕುಡಿಯಲು ನಿಂತಾಗ ಆಕೆ ನನ್ನ ಮೊಣಕೈ ಹಿಡಿದು ಒಂದು ಕಿರಾಣಿ ಅಂಗಡಿಯ ಮುಂದೆ ಎಳೆದುಕೊಂಡು ಹೋದಳು. ಅಲ್ಲಿ ಕಾಯಿನ್ ಹಾಕುವ ಫೋನಿತ್ತು. ತನ್ನ ಊರಿನ ಅಂಗಡಿಯ ನಂಬರನ್ನು ಬಾಯಿಪಾಠ ಹೇಳಿದಳು. ನಾನು ಒತ್ತಿಕೊಟ್ಟೆ.

ಮಾತು ಮುಗಿಸಿ ಅಲ್ಲೇ ಕಟ್ಟೆಯ ಮೇಲೆ ಕೂತಳು. ಮಗಳು ಚೊಚ್ಚಲ ಬಸುರಿ. ಅಳಿಯ ದುಡಿಯಲು ಗೋವಾಕ್ಕೆ ಹೋಗಿದ್ದಾನೆ, ಅತ್ತೆ ತೀರಿಕೊಂಡಿದ್ದಾಳೆ, ಮನೆಯಲ್ಲಿ ಮುದಿ ಮಾವ ಒಬ್ಬನೇ.

"ಏಳು ತಿಂಗಳು ತುಂಬಾಕ ಬಂದಾವ್ರಿ. ಬರೂ ಅಮಾಸಿಯೊಳಗ ತವರಿಗೆ ಕರಕೊಂಡು ಬರ್ಬೇಕು. ಎಂಟರಾಗ ಬಿತ್ತಂದ್ರ ನಮ್ಮಾಗ ಕರ್ಯಾಕ ಬರೂದಿಲ್ಲ. ಮಗಳ ಕಾಲು ಬಾತಾವಂತ ಅಕ್ಕಾರ, ಚಪ್ಲಿ ಹಿಡಿಯೂದಿಲ್ಲಂತ."

"ಮತ್ತ ಇಲ್ಲಿಂದ್ಲೇ ಹೋಗಿಬಿಡಬೇ. ಬಸ್ಸಿಗೆ ನಾ ಹತ್ತಸ್ತೇನಿ" ಎಂದೆ.

ತಲೆ ಅಲ್ಲಾಡಿಸಿದಳು. "ನನ್ನ ನಾದಿನಿ ಒಳಗ ಅದಾಳ್ರಿ. ನಾ ಹೋದ್ರ ನನ್ನ ಮುಂಗಡ ಆಕೀ ತಲಿಮ್ಯಾಲೆ ಬರ್ತೈತಿ. ಮುಂದಿನ ವರ್ಷನೂ ಆಕೀನ್ನ ಬಿಡೂದಿಲ್ಲ ಅಂತ ಮುಕಾದಮ ಮದಲ ಹೇಳ್ಯಾನ."

ಆಗ ನನಗೆ ಗೊತ್ತಾಯಿತು, ಬೀಗ ಗೇಟಿಗೆ ಮಾತ್ರ ಇರಲಿಲ್ಲ. ನಡುಸಂತೆಯಲ್ಲಿ, ಬಸ್‌ಸ್ಟ್ಯಾಂಡಿಗೆ ಒಂದು ಕೂಗಿನ ದೂರದಲ್ಲಿ ನಿಂತೂ ಆಕೆ ಅದೇ ಬೇಲಿಯೊಳಗಿದ್ದಳು. ನಾವು ಗೇಟಿಗೆ ವಾಪಸು ಹೋದೆವು, ಅವರಿಬ್ಬರೂ ಅದೇ ಬಟ್ಟೆಯಲ್ಲಿ ಬಿಳಿ ಸಾಲು ಮುಟ್ಟಿದರು. ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಆದರೂ ಪರೀಕ್ಷೆಯೊಂದು ಮುಗಿದರೆ ಎಲ್ಲರಿಗೂ ದಾರಿಯಾಗುತ್ತದೆ ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ಹೂ ಉದುರುವ ದಿನ ಬಂತು. ಬೆಳೆಗಾರ, ನಾನು ಇಬ್ಬರೂ ಮೊಣಕಾಲೂರಿ ಸಾಲು ನೋಡುತ್ತ ಹೋದೆವು. ಬಿಳಿ ದಾರದ ಹೂಗಳು ಮುಟ್ಟಿದರೆ ಕೈಗೆ ಬರುತ್ತಿದ್ದವು. ನನ್ನ ಮುಖ ಅರಳುತ್ತ ಹೋಯಿತು. ಅಷ್ಟರಲ್ಲಿ ಬೆಳೆಗಾರ "ಇಲ್ನೋಡ್ರಿ!" ಎಂದು ಕೂಗಿದ. ಬಿಳಿ ದಾರದ ಕೆಳಗೆ ಸಾಸಿವೆಗಿಂತ ತುಸು ದೊಡ್ಡ ಕಾಯಿ. ಇನ್ನೊಂದು ಗಿಡದಲ್ಲೂ ಒಂದು. ಅವನು ಚಪ್ಪಾಳೆ ತಟ್ಟಿದ. ನಾನು ಓಡಿಹೋಗಿ ನೀಲಿ ಸಾಲು ನೋಡಿದೆ. ಅಲ್ಲೂ ಕಾಯಿ ಕಚ್ಚಿದ್ದವು. ಹಾಗಾದರೆ ಇದು ಸಂತೆಯ ಪರಾಗವಲ್ಲ. ಮೊಗ್ಗು ಬಿಡಿಸುವುದು ತಡವಾಗಿ ಒಳಗಿನ ಕೇಸರ ಮೊದಲೇ ಒಡೆದಿರಬೇಕು, ಇಲ್ಲವೇ ಇರುವೆ ಹರಿದಾಡಿರಬೇಕು. ಎಷ್ಟು ಹೇಳಿದರೂ ಬೆಳೆಗಾರ ಕೇಳಲಿಲ್ಲ. "ನೀಲಿದು ಬ್ಯಾರೆ ಮಾತ್ರಿ. ಬಿಳೀದಾಗ ಕಾಯಿ ಬಂದೈತೋ ಇಲ್ಲೋ?" ಎಂದ. ಸೋತರೂ ಜಟ್ಟಿಯ ಮೀಸೆ ಮಣ್ಣಾಗುವುದಿಲ್ಲವಲ್ಲ!

ನಾನೂ ಬಿಡುವವಳಲ್ಲ. ಈ ಸಲ ಇನ್ನೂ ಎಳೆಯ ಮೊಗ್ಗು ಆರಿಸೋಣ, ಪ್ರತಿ ಹೂವಿಗೂ ತೆಳು ಬಟ್ಟೆಯ ಚೀಲ ಕಟ್ಟೋಣ, ಮುಟ್ಟುವಾಗ ಮಾತ್ರ ಬಿಚ್ಚೋಣ ಎಂದು ಹೊಸ ಪರೀಕ್ಷೆಯ ವಿವರ ಹೇಳತೊಡಗಿದೆ. ನಿಜ ಹೇಳಬೇಕೆಂದರೆ, ಆ ಗಳಿಗೆ ನನಗೆ ಬಹಳ ಸಂತೋಷವಾಗಿತ್ತು. ಒಗಟು ಬಿಗಿಯಾದಷ್ಟೂ ನನಗೆ ರುಚಿ. ಬೆಳೆಗಾರನೂ ತಲೆಯಾಡಿಸುತ್ತಿದ್ದ.

ಪಕ್ಕದ ಸಾಲಿನಲ್ಲಿ ಚಿಮಟ ಹಿಡಿದು ನಿಂತಿದ್ದ ಆಕೆ, ಫೋನ್ ಮಾಡಿದ್ದ ಹೆಂಗಸು, ಕೇಳಿದಳು: "ಮತ್ತ ಎಂಟು ದಿನ ಹೂ ನೋಡ್ತೀರೇನ್ರಿ ಅಕ್ಕಾರ?"

"ಹೌದಬೇ, ಅಷ್ಟಾದ್ರ ಎಲ್ಲಾ ತಿಳೀತೈತಿ."

"ಅಷ್ಟೊತ್ತಿಗೆ ಅಮಾಸಿ ಬರ್ತೈತ್ರಿ. ಹೂವು ಉದುರಿದ್ರ ನಾ ನನ್ನ ಮಗಳನ್ನ ನೋಡಬೇಕು, ಉದುರದಿದ್ರ ನೋಡಬಾರದು, ಹಂಗೇನ್ರಿ?"

ದನಿ ಏರಿಸಲಿಲ್ಲ, ಅಳಲಿಲ್ಲ. ತಿಳಿಯಲೆಂದೇ ಕೇಳಿದಳು. ನನ್ನ ಕೈಯಲ್ಲಿದ್ದ ಭೂತಗನ್ನಡಿಯನ್ನು ಎಲ್ಲಿಡಬೇಕೋ ತಿಳಿಯದೆ ಚೀಲದೊಳಗೆ ತುರುಕಿದೆ. ಬಿಳಿ ಸಾಲಿನಲ್ಲಿ ಕಾಯಿ ತುಂಬಿ ತುಳುಕಿದ್ದರೂ ಗೇಟಿಗೆ ಬೀಗ ಹಾಕುವಂತಿರಲಿಲ್ಲ. ಇದನ್ನು ಪಣಕ್ಕೆ ಹಚ್ಚಲು ನನಗಾಗಲಿ ಆ ಬೆಳೆಗಾರನಿಗಾಗಲಿ ಯಾರು ಹಕ್ಕು ಕೊಟ್ಟಿದ್ದರು? ಮೊಪೆಡ್ ತಿರುಗಿಸಿ ಹಾವೇರಿಗೆ ಹೊರಟೆ.

ಮಾಲೀಕರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಸೀದಾ ಐತಿ ಬಿಡು. ಆ ಹೊಲದ ಬೀಜ ಬ್ಯಾಡ. ಫಾರ್ಮಿನ್ಯಾಗ ಅದನ್ನ ಹೇಳ್ಯಾರ. ಕೈ ತೊಳಕೊಂಡು ಬಿಡೂನು."

"ನಾವು ಕೈ ತೊಳಕೊಂತೇವ್ರಿ ಸರ. ಮುಕಾದಮ ನಾಳೆ ಅವರನ್ನ ಟೆಂಪೋದಾಗ ಹಾಕ್ಕೊಂಡು ಇನ್ನೊಂದು ಹೊಲಕ್ಕ ಇಳಸ್ತಾನ. ಅಲ್ಲಿ ಉಳ್ಳಾಗಡ್ಡಿ ರೇಟು ಕೇಳಾವ್ರು ಯಾರು?"

ಅವರು ಆರ್ಡರಿನ ಕಾಗದ ತೆಗೆದು ಮತ್ತೊಮ್ಮೆ ಓದಿದರು. ಆ ಚಳಿಗಾಲದ ಆರ್ಡರು ಹೋದರೆ ಪೊಟ್ಟಣ ತುಂಬುವ ಹೆಣ್ಣುಮಕ್ಕಳಿಗೂ ಕೆಲಸವಿರುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ಕೊನೆಗೆ ಎದ್ದು, "ಬಾ, ವಕೀಲರ ಕಡೆ ಹೋಗೂನು" ಎಂದರು.

ಕೋರ್ಟಿನ ಹತ್ತಿರದ ಹಳೆಯ ವಕೀಲರೊಬ್ಬರು ಎಲ್ಲ ಕೇಳಿಕೊಂಡರು. ಮುಂಗಡದ ನೆಪದಲ್ಲಿ ಮನುಷ್ಯರನ್ನು ಹೋಗಗೊಡದಿದ್ದರೆ ಕಾನೂನು ಅದನ್ನು ಜೀತವೆಂದೇ ಕರೆಯುತ್ತದೆ, ಆ ಮುಂಗಡ ತೀರಿಸಬೇಕಾದದ್ದೂ ಇಲ್ಲ ಎಂದರು. ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಿ, ಅವರು ಬರುವ ತನಕ ಸುಮ್ಮನೆ ಕೂರಬೇಡಿ ಎಂದೂ ಹೇಳಿದರು. ಜೀತ ಅಜ್ಜನ ಕಾಲಕ್ಕೆ ಮುಗಿಯಿತೆಂದಿದ್ದ ನಮ್ಮ ಮಾಲೀಕರ ಮುಖ ಸಣ್ಣದಾಯಿತು. ಅಲ್ಲೇ ದೂರು ಬರೆಸಿ ಸಹಿ ಹಾಕಿದರು. ಕಚೇರಿಗೆ ಅದನ್ನು ಮುಟ್ಟಿಸಿ ಬಂದು, "ಬೀಜ ಹೋದ್ರ ಹೋಗ್ಲಿ. ನಾಳೆ ಮುಂಜಾನೆ ಕಾರು ತಗೀತೇನಿ, ನೀನೂ ಬಾ" ಎಂದರು. ಅವರ ಮೇಲೆ ನನಗೆ ಅಷ್ಟು ಗೌರವ ಅದಕ್ಕಿಂತ ಮೊದಲು ಎಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ನಿಂತು ಮಾಲೀಕರು ಬೆಳೆಗಾರನಿಗೆ ನೇರ ಹೇಳಿದರು. "ನೋಡ್ರಿ, ಬೀಗ ತಗದ್ರ ನಿಮ್ಮ ಬೀಜ ಒಂದೂ ಬಿಡದ ತಗೋತೇನಿ. ಕೂಲಿ ವಾರಕ್ಕೊಮ್ಮೆ ನಮ್ಮ ಹುಡುಗಿ ಬಂದು ಅವರ ಕೈಯಾಗ ಕೊಡ್ತಾಳ. ತಗೀಲಿಲ್ಲಂದ್ರ ಒಂದು ಬೀಜಾನೂ ಬ್ಯಾಡ. ದೂರಂತೂ ನಿನ್ನೇನ ಕೊಟ್ಟೇನಿ."

"ಬೆರಕಿ ಆದ್ರ?" ಎಂದ ಬೆಳೆಗಾರ.

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಹೊಳೆದದ್ದು. ಹೆಂಗಸರು ಸೀರೆಯ ಮೇಲೆ ಹೇಗೂ ಅಂಗಿ ತೊಡುತ್ತಾರಲ್ಲ, ಆ ಅಂಗಿಗಳನ್ನು ಒಳಗೇ ಗೂಟಕ್ಕೆ ನೇತುಹಾಕಲಿ. ಹೊರಗಿಂದ ಬಂದವರು ಕೈಕಾಲು ಮುಖ ತೊಳೆದು, ಒಳಗಿನ ಅಂಗಿ ತೊಟ್ಟು ಹೂ ಮುಟ್ಟಲಿ. ಇಷ್ಟು ಸಣ್ಣ ಉಪಾಯವಿತ್ತು. ಮೊದಲ ದಿನವೇ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬೆಳೆಗಾರ ಮೆತ್ತಗಾದ. ಮುಕಾದಮ ಮಾತ್ರ ಗೇಟಿಗೆ ಬೆನ್ನು ಕೊಟ್ಟು ನಿಂತ. "ನಾ ಕೊಟ್ಟ ಮುಂಗಡ ಯಾರಪ್ಪ ಕೊಡ್ತಾನ? ಒಬ್ಬಾಕಿನ್ನ ಬಿಟ್ರ ಎಲ್ಲಾರೂ ಹೊಂಡ್ತಾರ" ಎಂದ. ಬೆಳೆಗಾರ ಅವನ ಮುಖ, ನಮ್ಮ ಮುಖ ನೋಡುತ್ತ ನಿಂತುಬಿಟ್ಟ. ಮುಂದಿನ ವರ್ಷಕ್ಕೂ ಆಳು ತರಬೇಕಾದವನು ಅದೇ ಮುಕಾದಮ.

ಅಷ್ಟರಲ್ಲಿ ಬೆಳೆಗಾರನ ಹೆಂಡತಿ ರೊಟ್ಟಿಯ ಬುಟ್ಟಿ ಹೊತ್ತು ಬಂದರು. ದಿನವೂ ಗೇಟಿನ ಹೊರಗೇ ಬುಟ್ಟಿ ಇಳಿಸಿ ತಿರುಗಿ ಹೋಗುವವರು ಅವತ್ತು ಗದ್ದಲ ಕೇಳಿ ನಿಂತರು. ನಾನು ವಿಷಯ ಹೇಳಿದೆ. ಅವರು ಬುಟ್ಟಿ ಇಳಿಸಿ, ನೆಟ್ಟಿನ ಆಚೆ ನಿಂತಿದ್ದ ಹೆಂಗಸನ್ನು ಕೇಳಿದರು.

"ಮಗಳಿಗೆ ಎಷ್ಟರಾಗ ಐತಬೇ?"

"ಏಳು ತುಂಬಾಕ ಬಂದೈತ್ರೀ ಯವ್ವಾ."

"ಚೊಚ್ಚಲ?"

"ಹೌದ್ರಿ. ಕುಬಸಾನೂ ಮಾಡಿಲ್ರಿ, ಉಡಿ ತುಂಬಿಲ್ರಿ."

ಅವರು ಗಂಡನ ಕಡೆ ತಿರುಗಿದರು. "ಹೂವಿನ ಬಸಿರು ಕಾಯಾಕ ಕುಂತು ಮನಷ್ಯಾರ ಬಸಿರು ಮರತ್ರೇನು? ನಿಮ್ಮ ಮೆಣಸಿನಕಾಯಿ ಬೆರಕ್ಯಾದ್ರ ಒಂದು ಪೀಕು ಹೋಗ್ತೈತಿ. ಆ ಹುಡುಗಿಗೆ ಏನರ ಆದ್ರ ನಮ್ಮ ಮನಿ ತೊಟ್ಟಲಾ ತೂಗೂದಿಲ್ಲ, ತಿಳ್ಕೊಳ್ರಿ. ಎಲ್ಲೈತಿ ಕೀಲಿ?"

ಬೆಳೆಗಾರ ಮುಕಾದಮನ ಮುಂದೆ ಕೈ ಚಾಚಿದ. "ಕೊಡಪಾ." ಅವನು ಕೊಡಲಿಲ್ಲ. "ಹೊಲ ನಂದು, ಬೀಗ ನಂದು. ಕೊಡು ಅಂದೆ" ಎಂದು ಗದರಿದ. ಮುಕಾದಮ ಕೀಲಿಯನ್ನು ಮಣ್ಣಿಗೆ ಒಗೆದು, ಮುಂದಿನ ವರ್ಷ ಆಳು ಎಲ್ಲಿಂದ ತರುತ್ತೀರೋ ನೋಡುತ್ತೇನೆ ಎಂದು ಬೈಯುತ್ತ ರಸ್ತೆ ಹಿಡಿದ. ಬೆಳೆಗಾರನೇ ಬಗ್ಗಿ ಕೀಲಿ ಎತ್ತಿಕೊಂಡ.

ಗೇಟು ತೆರೆದಾಗ ಯಾರೂ ಓಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು, ರಸ್ತೆಯ ತನಕ ನಡೆದು, ಅತ್ತ ಇತ್ತ ನೋಡಿ, ಮತ್ತೆ ಒಳಗೆ ಬಂದರು. ಒಬ್ಬಳು ಹೀಗೆ ಎರಡು ಸಲ ಮಾಡಿದಳು. ವಾರದ ಕೂಲಿ ಕೈಗೆ ಬರುತ್ತದೆಂದು ಹಲವರು ಉಳಿದರು, ಕೆಲವರು ಊರಿಗೆ ಹೊರಟರು. ಮುಂದೆ ಅಧಿಕಾರಿಗಳು ಬಂದು ಎಲ್ಲರ ಹೇಳಿಕೆ ಪಡೆದರು. ಮುಕಾದಮನ ಮೇಲೆ ಕೇಸಾಯಿತು, ಅದು ಎಷ್ಟೋ ಕಾಲ ಎಳೆಯಿತು. ನಮ್ಮ ಕರಾರಿನಲ್ಲಿ, ದೂರ ಇಡಬೇಕಾದದ್ದು ಗಿಡವನ್ನು, ಮನುಷ್ಯರನ್ನಲ್ಲ, ದುಡಿಯುವವರು ಯಾವಾಗ ಬೇಕಾದರೂ ಹೊರಗೆ ಹೋಗಿ ಬರಬಹುದು ಎಂದು ಸೇರಿಸಿದೆವು. ನಡೆದದ್ದನ್ನೆಲ್ಲ ಹೊರದೇಶದವರ ಫಾರ್ಮಿನಲ್ಲಿ ಬರೆದು ಕಳಿಸಿದೆವು. ಬೀಜವೂ ಕೈಗೆ ಬಂತು, ಬೆರಕೆ ಆಗಿರಲಿಲ್ಲ. ಆದರೂ ಇಲ್ಲಿ ಹೇಳಲೇಬೇಕಾದದ್ದು ಗೇಟು ತೆರೆದ ದಿನದ ಮಧ್ಯಾಹ್ನದ ಮಾತು.

ಆಕೆಯನ್ನೂ ಅವಳ ನಾದಿನಿಯನ್ನೂ ಮಾಲೀಕರ ಕಾರಿನಲ್ಲಿ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿಗೆ ಕರೆತಂದೆ. ದುಡಿದ ಕೂಲಿಯನ್ನು ಬೆಳೆಗಾರ ಕೊಟ್ಟು ಕಳಿಸಿದ್ದ. ಹರಪನಹಳ್ಳಿ ಕಡೆಯ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ನಾದಿನಿಗೆ ಗಂಟು ಕೊಟ್ಟು ಬೆಂಚಿನ ಮೇಲೆ ಕೂರಿಸಿ, ಆಕೆ ಸೀದಾ ಬಳೆ ಅಂಗಡಿಗೆ ನಡೆದಳು.

"ಬಸ್ಸು ಹೊಂಟೈತಬೇ!" ಎಂದು ನಾನು ಹಿಂದೆ ಓಡಿದೆ.

"ಹಸರು ಬಳಿ ಇಲ್ದ ಬಸುರಿ ಮಗಳನ್ನ ಹ್ಯಾಂಗ ಕರೀಲ್ರಿ? ಬರಿಗೈಲೆ ಹೋಗಿ ಬೀಗರ ಮುಂದ ನಿಂದ್ರಲೇನು?" ಎಂದು ಅಂಗಡಿಯ ಹಲಗೆಯ ಮೇಲೆ ಕೂತಳು. ಬಳೆಗಾರ ಒಂದು ಸರ ತೆಗೆದ. ಈ ಹಸಿರು ಬೇಡ, ಗಿಣಿಹಸಿರು ತೋರಿಸು ಎಂದಳು. ತೋರಿಸಿದ. ಬೆರಳು ಮಡಚಿ ತನ್ನ ಕೈಗೆ ತೂರಿಸಿ ನೋಡಿ, ಮಗಳ ಕೈ ಈಗ ಬಾತಿರುತ್ತದೆ, ಇನ್ನೊಂದು ಅಳತೆ ದೊಡ್ಡದು ಕೊಡು ಎಂದಳು. ಕಂಡಕ್ಟರು ಸೀಟಿ ಊದಿದ. ಅಮಾವಾಸ್ಯೆ ತಲೆಯ ಮೇಲಿದೆ, ಮಗಳ ಕಾಲು ಬಾತಿವೆ, ಇಷ್ಟು ಜನ ಸೇರಿ ಇವಳನ್ನು ಹೊರತಂದದ್ದು ಈ ಬಸ್ಸು ತಪ್ಪಿಸಲಿಕ್ಕೇ? "ಲಗೂ ಮಾಡಬೇ, ಲಗೂ" ಎಂದು ಗೋಗರೆದೆ. ಬಸ್ಸು ಧೂಳೆಬ್ಬಿಸಿ ಹೊರಟೇ ಹೋಯಿತು.

ಆಕೆ ತಲೆ ಎತ್ತಿ ಅದು ಹೋದ ದಿಕ್ಕನ್ನು ನೋಡಿದಳು. ಮುಖದಲ್ಲಿ ಸ್ವಲ್ಪವೂ ಗಾಬರಿ ಇರಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕಾರ, ಹಿಂದ ಇನ್ನೊಂದು ಬರ್ತೈತಿ" ಎಂದು ಬಳೆಗಾರನ ಕಡೆ ತಿರುಗಿ ರೇಟು ಕೇಳಿದಳು. ಅವನು ಹೇಳಿದ. "ಅಬ್ಬಬ್ಬಾ! ಇದನ್ನೇನು ಬಂಗಾರದಾಗ ಮಾಡೀಯೇನಪಾ?" ಎಂದಳು. ಅವನು ಸ್ವಲ್ಪ ಇಳಿಸಿದ. ಇನ್ನೂ ಇಳಿಸು ಎಂದಳು. ಅವನು ಆಗೋದಿಲ್ಲ ಎಂದ.

"ಹಂಗಾರ ಬ್ಯಾಡ ತಗೊ. ನಿಂದೊಂದ ಅಂಗಡಿ ಏನು ಊರಾಗ? ಬ್ಯಾರೆ ಕಡೆ ನೋಡ್ತೇನಿ" ಎಂದು ಸೆರಗು ಕೊಡವಿ ಎದ್ದು, ಪಕ್ಕದ ಅಂಗಡಿಗೆ ನಡೆದಳು. ನಾನೂ ಅವಳ ಹಿಂದೆ ಹೋದೆ.